ಮನೆಯಲ್ಲೇ ಮಾಡಿದ ಲಾಂಗ್‌ಬೋರ್ಡ್ ಹಗ್ಗದ ಮಂಚದ ಹಾಗೆ ಜಗ್ಗುತ್ತಿದೆ, ಎಲ್ಲಿ ಎಡವಿದೆ?

ಅರೆಬರೆ_ಬಡಗಿ

ಮೂರು ವಾರದಿಂದ ಈ ಲಾಂಗ್‌ಬೋರ್ಡ್ (ಉದ್ದನೆಯ ಸ್ಕೇಟ್‌ಬೋರ್ಡ್) ಹಿಂದೆ ಬಿದ್ದಿದ್ದೇನೆ. ನಿನ್ನೆ ಸಂಜೆ ಮೊದಲ ಸಲ ಮೇಲೆ ಹತ್ತಿ ನಿಂತೆ. ನಿಂತ ಖುಷಿ ಒಂದು ನಿಮಿಷವೂ ಉಳಿಯಲಿಲ್ಲ.

ಅಳತೆ ಹೇಳಿಬಿಡುತ್ತೇನೆ. ಹಲಗೆ 102 ಸೆಂ.ಮೀ. ಉದ್ದ, 23 ಸೆಂ.ಮೀ. ಅಗಲ. 4 ಮಿ.ಮೀ. ಪ್ಲೈವುಡ್ ಮೂರು ತುಂಡು ಅಂಟಿಸಿದ್ದೇನೆ, ಒಟ್ಟು 12 ಮಿ.ಮೀ. ದಪ್ಪ. ಟ್ರಕ್ (ಹಲಗೆಯ ತಳಕ್ಕೆ ಬಿಗಿಯುವ, ಚಕ್ರ ಕೂರುವ ಲೋಹದ ಅಚ್ಚು) 180 ಮಿ.ಮೀ., ಕಿಂಗ್‌ಪಿನ್ (ಅದರ ನಡುವಿನ ದೊಡ್ಡ ಬೋಲ್ಟ್) ಹೊರಮುಖವಾಗಿರುವ ಥರದ್ದು. ಚಕ್ರ 70 ಮಿ.ಮೀ., ಗಡಸುತನ 78ಎ (ಅಂಕಿ ಕಮ್ಮಿ ಇದ್ದಷ್ಟೂ ಮೆತ್ತಗೆ). ಎರಡು ಟ್ರಕ್ಕುಗಳ ನಡುವೆ 76 ಸೆಂ.ಮೀ. ಇದೆ. ನನ್ನ ತೂಕ 78 ಕೆ.ಜಿ.

ತೊಂದರೆ ಒಂದಲ್ಲ, ಮೂರು. ಮಧ್ಯದಲ್ಲಿ ಕಾಲು ಜೋಡಿಸಿ ಸುಮ್ನೆ ನಿಂತರೂ ಹಲಗೆ 6 ಸೆಂ.ಮೀ. ಕೆಳಗೆ ಹೋಗುತ್ತದೆ. ಸ್ವಲ್ಪ ಕುಪ್ಪಳಿಸಿದರೆ ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಎರಡನೆಯದು, ತಿರುಗುವಾಗ ಚಕ್ರ ಹಲಗೆಯ ತಳಕ್ಕೆ ಉಜ್ಜಿ ಗಕ್ಕನೆ ನಿಲ್ಲುತ್ತದೆ. ಬೋರ್ಡ್ ಮಾತ್ರ ನಿಲ್ಲುತ್ತದೆ, ನಾನು ಮುಂದೆ ಹೋಗುತ್ತೇನೆ. ಮೊಣಕೈ ಸಾಕ್ಷಿ. ಮೂರನೆಯದು, ನೇರ ಬಿಟ್ಟರೂ ಎಡಕ್ಕೆ ಎಳೆಯುತ್ತದೆ.

ಅಂಟು ಮಾಮೂಲಿ ಬಿಳಿ ಮರದ ಅಂಟು. ಮೇಲೆ ಪುಸ್ತಕದ ರಾಶಿ, ನೀರಿನ ಕ್ಯಾನು ಇಟ್ಟು ಒಂದು ರಾತ್ರಿ ಬಿಟ್ಟಿದ್ದೆ. ಇದಕ್ಕೆ ಇನ್ನೊಂದು ಪದರ ಅಂಟಿಸಲಾ? ಇಲ್ಲಾ ತಳಕ್ಕೆ ಫೈಬರ್‌ಗ್ಲಾಸ್ ಹಾಕಲಾ? ಹಳೇ ಸ್ಕೇಟ್‌ಬೋರ್ಡಿನ 52 ಮಿ.ಮೀ. ಚಕ್ರಗಳೂ ಬಿದ್ದಿವೆ. ಅವನ್ನು ಹಾಕಿದರೆ ಉಜ್ಜುವುದಾದರೂ ತಪ್ಪುತ್ತದಲ್ವಾ?

ಉಪ್ಪುಕಾಗದ

ಏನನ್ನೂ ಅಂಟಿಸುವ ಮೊದಲು ಒಂದು ಪ್ರಶ್ನೆ. ಪ್ಲೈವುಡ್ಡಿನ ಮೇಲ್ಪದರದ ಎಳೆ ಯಾವ ಕಡೆಗೆ ಓಡುತ್ತಿದೆ? ಉದ್ದಕ್ಕೋ, ಅಡ್ಡಕ್ಕೋ?

ಯಾಕೆ ಕೇಳುತ್ತಿದ್ದೇನೆ ಅಂದರೆ, 12 ಮಿ.ಮೀ. ದಪ್ಪಕ್ಕೆ, ನಿಮ್ಮ ತೂಕಕ್ಕೆ 6 ಸೆಂ.ಮೀ. ತುಂಬಾ ಜಾಸ್ತಿ ಆಯಿತು. ಎರಡು ಸೆಂ.ಮೀ. ಆಸುಪಾಸು ಬಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 4 ಮಿ.ಮೀ. ಪ್ಲೈ ಸಾಮಾನ್ಯವಾಗಿ ಮೂರು ಪದರದ್ದು. ಹೊರಗಿನ ಎರಡು ಒಂದು ದಿಕ್ಕಿಗೆ, ನಡುವಿನದು ಅದಕ್ಕೆ ಅಡ್ಡ. ನೀವು ಮೂರು ತುಂಡು ಅಂಟಿಸಿದರೆ ಒಟ್ಟು ಒಂಬತ್ತು ಪದರ. ಸರಿಯಾಗಿ ಕತ್ತರಿಸಿದ್ದರೆ ಅದರಲ್ಲಿ ಆರು ಉದ್ದಕ್ಕೆ ಇರುತ್ತವೆ. ತಿರುವುಮುರುವಾಗಿದ್ದರೆ ಬರೀ ಮೂರು. ಅದಕ್ಕಿಂತ ಮುಖ್ಯ, ತೀರಾ ಮೇಲಿನ ಮತ್ತು ತೀರಾ ಕೆಳಗಿನ ಪದರವೇ ಬಾಗುವುದನ್ನು ತಡೆಯುವುದು. ಅವೆರಡೂ ಅಡ್ಡ ಮಲಗಿದ್ದರೆ ದಪ್ಪ ಇದ್ದೂ ಪ್ರಯೋಜನ ಇಲ್ಲ.

ಗ್ರಿಪ್ ಟೇಪು, ಬಣ್ಣ ಎಲ್ಲಾ ಹಚ್ಚಿಬಿಟ್ಟಿದ್ದರೆ ಹಲಗೆಯ ಉದ್ದದ ಅಂಚನ್ನು ಒಂದು ಕಡೆ ಕೆರೆದು ನೋಡಿ. ಉದ್ದಕ್ಕೆ ಓಡುವ ಪದರ ಗೆರೆ ಗೆರೆಯಾಗಿ ಕಾಣುತ್ತದೆ. ಅಡ್ಡ ಇರುವುದು ಸಣ್ಣ ಸಣ್ಣ ಚುಕ್ಕಿ ತೂತಿನ ಹಾಗೆ, ಸ್ವಲ್ಪ ಕಪ್ಪಗೆ.

ಎಡಕ್ಕೆ ಎಳೆಯುವುದಕ್ಕೆ ಟ್ರಕ್ಕಿನ ತೂತುಗಳ ಕರ್ಣ ಅಳೆಯಿರಿ. ಮುಂದಿನ ಟ್ರಕ್ಕಿನ ಎಡ ತೂತಿನಿಂದ ಹಿಂದಿನದರ ಬಲ ತೂತಿಗೆ, ಆಮೇಲೆ ಬಲದಿಂದ ಎಡಕ್ಕೆ. ಎರಡೂ ಒಂದೇ ಬರಬೇಕು.

ಅರೆಬರೆ_ಬಡಗಿ

ಕೆರೆದೆ. ಹೆಬ್ಬೆರಳಿನಷ್ಟು ಜಾಗದಲ್ಲಿ ಬಣ್ಣ ಹೋದ ತಕ್ಷಣ ಗೊತ್ತಾಯಿತು. ಚುಕ್ಕಿ, ಗೆರೆ, ಚುಕ್ಕಿ. ಮತ್ತೆ ಚುಕ್ಕಿ, ಗೆರೆ, ಚುಕ್ಕಿ. ಮೂರು ತುಂಡಿನಲ್ಲೂ ಅದೇ.

ಆಗಿದ್ದು ಇಷ್ಟೇ. ನನ್ನ ಹತ್ತಿರ ಇದ್ದದ್ದು ಉಳಿಕೆ ತುಂಡು. ಅದರ ಉದ್ದ ಇದ್ದದ್ದು ಎಳೆಗೆ ಅಡ್ಡವಾಗಿ. ಮೂರು ಹಲಗೆ ಅಚ್ಚುಕಟ್ಟಾಗಿ ಹಿಡಿಯಿತು, ಒಂದಿಂಚೂ ವ್ಯರ್ಥ ಆಗಲಿಲ್ಲ ಅಂತ ಬೀಗಿದ್ದೆ. ಎಳೆ ಅನ್ನುವುದು ನೋಡೋಕೆ ಚೆಂದ ಅಷ್ಟೇ ಅಂದುಕೊಂಡಿದ್ದೆ.

ಕರ್ಣ 3 ಮಿ.ಮೀ. ವ್ಯತ್ಯಾಸ ಇದೆ. ಅದಕ್ಕೂ ನಾನೇ ಕಾರಣ. ನಡುಗೆರೆ ಎಳೆಯದೆ ಅಂಚಿನಿಂದ ಅಳೆದು ತೂತು ಕೊರೆದೆ. ಅಂಚೇ ನೇರ ಇರಲಿಲ್ಲ.

ಮೂರನೇ_ಹಲಗೆ

ಸ್ವಾಗತ. ನನ್ನ ಹೆಸರೇ ಹೇಳುತ್ತಲ್ಲ, ಮೊದಲ ಎರಡು ನನ್ನವೂ ಹೋದವು.

ಫೈಬರ್‌ಗ್ಲಾಸ್ ಬಗ್ಗೆ ನನ್ನ ಮಾತು ಕಟುವಾಗಿರಬಹುದು. ಒಳ್ಳೆ ಹಲಗೆಯ ತಳಕ್ಕೆ ಎಪಾಕ್ಸಿ ಅಂಟಿನಲ್ಲಿ ಒಂದು ಪದರ ಫೈಬರ್‌ಗ್ಲಾಸ್ ಬಟ್ಟೆ ಹಾಕಿದರೆ ಚೆನ್ನಾಗಿ ಬಿಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಅಡ್ಡ ಎಳೆಯ ಹಲಗೆಗೆ ಹಾಕುವುದು ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ. ಇಷ್ಟೆಲ್ಲಾ ಎಪಾಕ್ಸಿ ಸುರಿಯುವ ಬದಲು ಹೊಸದು ಮಾಡಿ. ಇದನ್ನು ಅಚ್ಚಾಗಿ ಇಟ್ಟುಕೊಳ್ಳಿ. ಆಕಾರ ಚೆನ್ನಾಗಿ ಬಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೇ.

ಹೊಸದರಲ್ಲಿ ಅಂಟಿನ ಕಡೆ ಗಮನ ಇರಲಿ. ನನ್ನ ಎರಡನೇ ಹಲಗೆಗೆ ನಾನೂ ಬಿಳಿ ಅಂಟನ್ನು ಹಾವಿನ ಹಾಗೆ ಅಂಕುಡೊಂಕು ಸುರಿದು, ಮೇಲೆ ತುಂಡು ಇಟ್ಟು ಒತ್ತಿದೆ. ಹದಿನೈದು ದಿನ ಓಡಿತು. ಒಂದು ದಿನ ಇಳಿಜಾರಿನಲ್ಲಿ ಚಟ್ ಅಂತ ಸದ್ದು. ಪದರ ಬಿಟ್ಟಿತ್ತು. ಬಿಡಿಸಿ ನೋಡಿದರೆ ಅಂಟು ಅಲ್ಲಲ್ಲಿ ದ್ವೀಪದ ಹಾಗೆ ಕೂತಿತ್ತು, ನಡುವೆ ಬರೀ ಒಣ ಮರ. ಈಗ ಬಣ್ಣದ ರೋಲರ್‌ನಲ್ಲಿ ಎರಡೂ ಮೈಗೆ ತೆಳ್ಳಗೆ ಹಚ್ಚುತ್ತೇನೆ. ನೀರು ತಡೆಯುವ ಅಂಟೇ ಬೇಕು. ಪೂರ್ತಿ 24 ಗಂಟೆ ಕ್ಲ್ಯಾಂಪ್ ಬಿಚ್ಚುವುದಿಲ್ಲ. ಅಂಟು ಹಸಿ ಇರುವಾಗ ತುಂಡುಗಳು ಸೋಪಿನ ಹಾಗೆ ಜಾರುತ್ತವೆ. ಅದಕ್ಕೆ ಹಲಗೆಯ ಗೆರೆಯ ಆಚೆ, ಕತ್ತರಿಸಿ ಬಿಸಾಡುವ ಭಾಗದಲ್ಲಿ ಎರಡು ಸಣ್ಣ ಮೊಳೆ ಹೊಡೆದುಬಿಡಿ. ಮರೆತು ಗರಗಸವನ್ನು ಅದರ ಮೇಲೆ ಓಡಿಸಬೇಡಿ, ಅಷ್ಟೇ. (ಓಡಿಸಿದ್ದೇನೆ.)

ಪುಸ್ತಕದ ರಾಶಿ ಸಾಲದು. ನಡುವೆ 20 ಮಿ.ಮೀ. ಮರದ ಪಟ್ಟಿ ಕೊಟ್ಟು ಎರಡೂ ತುದಿಯನ್ನು ಕ್ಲ್ಯಾಂಪಿನಿಂದ ಕೆಳಗೆ ಎಳೆದು ಬಿಗಿದರೆ ಹಲಗೆ ಮೇಲಕ್ಕೆ ಕಮಾನಾಗಿ ಒಣಗುತ್ತದೆ. ಬಿಚ್ಚಿದಾಗ ಒಂಚೂರು ವಾಪಸ್ ಬರುತ್ತದೆ, ಗಾಬರಿ ಬೇಡ. ನೀವು ನಿಂತಾಗ ಆ ಕಮಾನು ಇಳಿದು ಹೆಚ್ಚುಕಮ್ಮಿ ಚಪ್ಪಟೆ ಆಗುತ್ತದೆ.

52 ಮಿ.ಮೀ. ಚಕ್ರದ ಯೋಚನೆ ಬಿಡಿ. ಅವು ಚಿಕ್ಕವು, ಸಾಮಾನ್ಯವಾಗಿ 99ಎ ಹತ್ತಿರದ ಗಟ್ಟಿ. ಒರಟು ರಸ್ತೆಯಲ್ಲಿ ಹಲ್ಲು ಕಟಕಟ ಅನ್ನುತ್ತವೆ, ಬಟಾಣಿಯಷ್ಟು ಕಲ್ಲು ಸಿಕ್ಕರೂ ನಿಂತುಬಿಡುತ್ತವೆ. 1970ರ ದಶಕದ ಆರಂಭದಲ್ಲಿ ಮೆತ್ತನೆಯ ಯುರೆಥೇನ್ ಚಕ್ರ ಬರುವ ಮೊದಲು ಜನ ಜೇಡಿಮಣ್ಣಿನ ಮಿಶ್ರಣದ ಚಕ್ರದಲ್ಲಿ ಇದೇ ಪಾಡು ಪಟ್ಟಿದ್ದರು. ನಿಮ್ಮ ಚಕ್ರ ಸರಿಯಾಗೇ ಇದೆ. ಉಜ್ಜುವುದಕ್ಕೆ ಟ್ರಕ್ ಮತ್ತು ಹಲಗೆ ನಡುವೆ 6 ಮಿ.ಮೀ. ರೈಸರ್ (ಹಲಗೆಯನ್ನು ಚಕ್ರದಿಂದ ಎತ್ತರಿಸುವ ಬಿಲ್ಲೆ) ಕೊಡಿ. ಬೋಲ್ಟ್ ಕೂಡ ಅಷ್ಟು ಉದ್ದ ಜಾಸ್ತಿ ಬೇಕಾಗುತ್ತದೆ.

ಉಪ್ಪುಕಾಗದ

ಹೊಸದು ಮಾಡಲಿ, ಆದರೆ ಹಳೆಯದನ್ನು ಈಗಲೇ ಗೋಡೆಗೆ ಒರಗಿಸುವುದು ಬೇಡ. ಒಂದು ಅಂಟಿಲ್ಲದ ಉಪಾಯ ಇದೆ. ಬಾಗುವುದು ಟ್ರಕ್ಕುಗಳ ಅಂತರದ ಘನದ ಲೆಕ್ಕದಲ್ಲಿ ಬದಲಾಗುತ್ತದೆ. 76 ಸೆಂ.ಮೀ. ಅಂತರವನ್ನು 61ಕ್ಕೆ ಇಳಿಸಿದರೆ ಬಾಗು ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ಅಂದರೆ ಎರಡೂ ಕಡೆ ಏಳೂವರೆ ಸೆಂ.ಮೀ. ಒಳಗೆ ಹೊಸ ತೂತು. ಈ ಸಲ ಹಲಗೆಗೆ ನಡುಗೆರೆ ಎಳೆದು, ಕರ್ಣ ತಾಳೆ ನೋಡಿ ಆಮೇಲೆ ಕೊರೆಯಿರಿ. ತಳದಲ್ಲಿ ಒಂದು ಹಳೇ ಮರದ ತುಂಡು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಡ್ರಿಲ್ ಆಚೆ ಬರುವಾಗ ಚಕ್ಕೆ ಎಬ್ಬಿಸುತ್ತದೆ. ಹಳೇ ತೂತುಗಳಿಗೆ ಅಂಟು ಹಚ್ಚಿದ ಮರದ ಕಡ್ಡಿ ಬಡಿದು ಉಜ್ಜಿಬಿಡಿ.

ಒಂದು ಎಚ್ಚರಿಕೆ. ಅಂತರ ಕಮ್ಮಿ ಆದರೆ ತುದಿಗಳು ಟ್ರಕ್ಕಿನ ಆಚೆ ಉದ್ದ ಚಾಚಿರುತ್ತವೆ. ಅಲ್ಲಿ ಕಾಲಿಟ್ಟರೆ ಬೋರ್ಡ್ ಎದ್ದು ನಿಲ್ಲುತ್ತದೆ. ಎರಡೂ ತುದಿಯಿಂದ ಸ್ವಲ್ಪ ಕತ್ತರಿಸಿ. ಕತ್ತರಿಸಿದ ಅಂಚಿಗೆ ಎರಡು ಕೋಟ್ ವಾರ್ನಿಶ್ ತಪ್ಪದೇ ಬೇಕು, ಪ್ಲೈ ನೀರು ಕುಡಿಯುವುದೇ ಅಲ್ಲಿಂದ.

ರೈಸರ್ ಹಾಕಿದ ಮೇಲೆ ಚಕ್ರಕ್ಕೆ ಸೀಮೆಸುಣ್ಣ ಬಳಿದು, ನಿಂತು ಎರಡೂ ಕಡೆ ಪೂರ್ತಿ ವಾಲಿ. ತಳದಲ್ಲಿ ಬಿಳಿ ಗುರುತು ಬಿದ್ದರೆ ಇನ್ನೂ ತಾಗುತ್ತಿದೆ. ಆಗ ಹಲಗೆ ಕೆರೆಯಲು ಹೋಗಬೇಡಿ, ಹೊರಪದರ ಸವೆದು ಹಲಗೆ ತೆಳ್ಳಗಾಗುತ್ತದೆ. ನಿಮ್ಮ ತೂಕಕ್ಕೆ ಇನ್ನೂ ಗಟ್ಟಿ ಬುಶಿಂಗ್ (ಟ್ರಕ್ ಎಷ್ಟು ವಾಲಬೇಕೆಂದು ತಡೆದು ಹಿಡಿಯುವ ರಬ್ಬರಿನಂಥ ಬಳೆ) ಹಾಕಿ.

ಅರೆಬರೆ_ಬಡಗಿ

ಭಾನುವಾರ ಪೂರ್ತಿ ಇದರಲ್ಲೇ ಹೋಯಿತು. ಕರ್ಣ ಈಗ ಅರ್ಧ ಮಿ.ಮೀ. ಒಳಗಿದೆ. ಎಳೆಯುವುದು ನಿಂತಿತು. ಕೋಲು ನಿಲ್ಲಿಸಿ ಅಳೆದೆ, 3 ಸೆಂ.ಮೀ. ಚಿಲ್ಲರೆ ಬಾಗುತ್ತದೆ. ತಳದಲ್ಲಿ ಸೀಮೆಸುಣ್ಣದ ಗುರುತು ಎಡಗಡೆ ಹಿಂದಿನ ಚಕ್ರದ ನೇರಕ್ಕೆ ಮಾತ್ರ, ಉಗುರಿನಷ್ಟು. ಬುಶಿಂಗ್ ಬದಲಿಸಿದರೆ ಅದೂ ಹೋಗಬಹುದು. ಅಂತರ ಕಮ್ಮಿಯಾಗಿದ್ದಕ್ಕೆ ತಿರುವು ಎಷ್ಟು ಚುರುಕಾಗಿದೆ ಅಂದರೆ ಮೊದಲ ತಿರುವಿನಲ್ಲಿ ನಾನೇ ಹಿಂದೆ ಉಳಿದೆ.

ಹೊಸದಕ್ಕೆ ಪ್ಲೈ ತಂದು ಗೋಡೆಗೆ ಒರಗಿಸಿದ್ದೇನೆ. ಮೂರು ತುಂಡಿನ ಮೇಲೂ ಎಳೆಯ ದಿಕ್ಕಿಗೆ ಪೆನ್ಸಿಲ್‌ನಲ್ಲಿ ದೊಡ್ಡ ಬಾಣ ಬರೆದಿದ್ದೇನೆ. ಮಗಳು ಬಂದು ಇದೇನು ರಾಕೆಟ್ಟಾ ಅಂತ ಕೇಳಿದಳು.