ಪುಟ್ಟಿಯ ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟಬೇಡಿ ಭಾವ

ಭಾವ, ಬೆಳಿಗ್ಗೆ ಲ್ಯಾಬಿನಲ್ಲಿದ್ದೆ, ಫೋನ್ ನೋಡಲು ಆಗಲಿಲ್ಲ. ಪುಟ್ಟಿಗೆ ಬೇಸಿಗೆಯಲ್ಲಿ ಬಯೋಟೆಕ್ ಇಂಟರ್ನ್‌ಶಿಪ್ ಕೊಡಿಸುತ್ತೇವೆ, ಹದಿನೈದು ಸಾವಿರ ಕಟ್ಟಿ ಅಂದರಂತೆ. ಕಟ್ಟಲಾ ಅಂತ ಕೇಳಿದ್ದೀರಿ. ಕಟ್ಟಬೇಡಿ. ನಾನು ಬಿಎಸ್ಸಿ ಓದುವಾಗ ಹೀಗೇ ಒಂದು ಕಡೆ ಕಟ್ಟಿದ್ದೆ. ಅಪ್ಪ ಕಡಲೆಕಾಯಿ ಮಾರಿ ತಂದ ದುಡ್ಡು. ಇಪ್ಪತ್ತು ಜನರನ್ನು ಒಂದು ರೂಮಿನಲ್ಲಿ ಕೂರಿಸಿ ಸ್ಲೈಡ್ ತೋರಿಸಿದರು. ಕೊನೆಗೆ ಒಂದು ಸರ್ಟಿಫಿಕೇಟ್. ಒಂದು ಟ್ಯೂಬನ್ನೂ ಮುಟ್ಟಲಿಲ್ಲ.

ದುಡ್ಡು ಅವರೇ ಕೊಟ್ಟು ಕಲಿಸುವ ಜಾಗಗಳಿವೆ. ನಮ್ಮ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿ ವರ್ಷ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೊಡುತ್ತವೆ. ಅದರಲ್ಲಿ ಒಂದು ನಮ್ಮ ಬೆಂಗಳೂರಿನದೇ, 1934ರಲ್ಲಿ ಸಿ.ವಿ. ರಾಮನ್ ಶುರು ಮಾಡಿದ್ದು. ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಎರಡು ತಿಂಗಳು ಕೆಲಸ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಸೆಂಟರಿನವರೂ ಬೇರೆಯಾಗಿ ಅರ್ಜಿ ಕರೆಯುತ್ತಾರೆ. ಹಾಂ, ದಾವಣಗೆರೆಯಲ್ಲಿ ಎಂಬಿಬಿಎಸ್ ಓದುತ್ತಿರುವ ನಮ್ಮ ಹುಡುಗನೂ ಇದನ್ನು ಕೇಳಿಸಿಕೊಳ್ಳಲಿ. ಅವನಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎಸ್‌ಟಿಎಸ್ ಇದೆ, ಓದುವ ಮಕ್ಕಳಿಗೆ ಸಣ್ಣ ಸಂಶೋಧನೆ ಮಾಡಲು ಕೊಡುವ ಅವಕಾಶ. 1979ರಲ್ಲಿ ಶುರುವಾಗಿದ್ದು, ಮೆಡಿಕಲ್, ಡೆಂಟಲ್ ಮಕ್ಕಳಿಗೆ. ತನ್ನ ಕಾಲೇಜಿನ ಮೇಷ್ಟ್ರನ್ನೇ ಗೈಡ್ ಮಾಡಿಕೊಳ್ಳಬಹುದು.

ನಮ್ಮ ಮಕ್ಕಳು ಸೋಲುವುದು ತಾರೀಖಿನಲ್ಲಿ ಭಾವ. ಬೇಸಿಗೆಯ ಅಕಾಡೆಮಿ ಫೆಲೋಶಿಪ್‌ಗೆ ಅರ್ಜಿ ಹಿಂದಿನ ವರ್ಷದ ನವೆಂಬರಿನಲ್ಲೇ ಹಾಕಬೇಕು. ನನಗೆ ಗೊತ್ತಾಗಿದ್ದು ಮಾರ್ಚಿನಲ್ಲಿ. ದೊಡ್ಡ ಕಾಲೇಜುಗಳಲ್ಲಿ ಸೀನಿಯರ್‌ಗಳು ಕಿವಿಯಲ್ಲಿ ಹೇಳಿರುತ್ತಾರೆ. ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ, ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುವ ಹುಡುಗಿಗೆ ಯಾರು ಹೇಳುತ್ತಾರೆ? ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ಮೇಷ್ಟ್ರ ಶಿಫಾರಸು ಪತ್ರವೂ ಬೇಕು, ದೀಪಾವಳಿ ರಜೆಗೆ ಮುಂಚೆಯೇ ಕೇಳಿಬಿಡಲಿ.

ಪುಟ್ಟಿ, ಈಗ ನಿನಗೆ. ಲ್ಯಾಬಿಗೆ ಯಾಕೆ ಬರಬೇಕು ಅಂತ ಅರ್ಜಿಗೆ ಬರೆದು ಕಳಿಸಿದ್ದೀಯಲ್ಲ, ಓದಿದೆ. ‘ಚಿಕ್ಕಂದಿನಿಂದ ನನಗೆ ವಿಜ್ಞಾನವೆಂದರೆ ಅಪಾರ ಆಸಕ್ತಿ’ ಅಂತಿದೆ. ಎಲ್ಲರೂ ಅದನ್ನೇ ಬರೆಯುತ್ತಾರೆ ಕಣೇ, ತೆಗೆದುಬಿಡು. ಅಜ್ಜಿಯ ಕಾಲಿನ ಗಾಯಕ್ಕೆ ನಾಲ್ಕು ತಿಂಗಳು ಬ್ಯಾಂಡೇಜ್ ಕಟ್ಟಿದವಳು ನೀನು. ಹೆಬ್ಬೆರಳ ಪಕ್ಕ ಚಪ್ಪಲಿ ಕಚ್ಚಿದ ಗಾಯ, ಅಜ್ಜಿಗೆ ನೋವೇ ಗೊತ್ತಾಗಿರಲಿಲ್ಲ. ಶುಗರ್ ಜಾಸ್ತಿಯಾದರೆ ಗಾಯ ಯಾಕೆ ಮಾಗುವುದಿಲ್ಲ ಅಂತ ನೀನು ನನ್ನನ್ನು ಕೇಳಿದ್ದೆ, ನೆನಪಿದೆಯಾ? ನರ, ಸಣ್ಣ ರಕ್ತನಾಳ, ಬಿಳಿ ರಕ್ತಕಣ, ಎಲ್ಲವೂ ಅದರಲ್ಲಿ ಸೇರಿವೆ. ಎಷ್ಟೋ ಲ್ಯಾಬುಗಳು ಅದರ ಮೇಲೇ ಕೆಲಸ ಮಾಡುತ್ತಿವೆ. ಆ ಪ್ರಶ್ನೆ ಬರೆ, ನಿನ್ನ ಮಾತಲ್ಲೇ ಬರೆ. ಇಂಗ್ಲಿಷ್ ನಾನು ತಿದ್ದುತ್ತೇನೆ.

ಲ್ಯಾಬಿನಲ್ಲಿ ಕೈ ನಡುಗುತ್ತೆ ಅಂತ ಹೆದರಬೇಡ. ಹನಿ ದ್ರವವನ್ನು ಅಳೆದು ಹಾಕುವ ಪಿಪೆಟ್ಟಿನ ಗುಂಡಿ ಎರಡು ಹಂತದಲ್ಲಿ ಒತ್ತುವಂಥದ್ದು. ದ್ರವ ಎಳೆಯುವಾಗ ಮೊದಲ ತಡೆವರೆಗೆ ಮಾತ್ರ, ಬಿಡುವಾಗ ಕೊನೆವರೆಗೆ. ನನಗಿದು ಗೊತ್ತಿಲ್ಲದೆ ಮೊದಲ ದಿನ ಅಳತೆಯೆಲ್ಲ ತಪ್ಪಿತ್ತು. ಒಬ್ಬ ಪಿಎಚ್‌ಡಿ ಹುಡುಗಿ ಬೈಯಲಿಲ್ಲ. ನೀಲಿ ಬಣ್ಣದ ನೀರು ಕೊಟ್ಟು, ಜೆಲ್ಲಿನ ಪುಟ್ಟ ಗುಳಿಗಳಿಗೆ ಒಂದೊಂದೇ ಹನಿ ತುಂಬು ಅಂದಳು. ಮೂರು ಸಂಜೆ ಅದನ್ನೇ ಮಾಡಿದೆ. ನಾಲ್ಕನೇ ದಿನ ಒಂದು ಹನಿಯೂ ಆಚೆ ಹೋಗಲಿಲ್ಲ.

ಅಕ್ಕ, ಎರಡು ತಿಂಗಳಲ್ಲಿ ಏನು ಬಂದುಬಿಡುತ್ತೆ ಅಂತ ನೀನು ಕೇಳಿದ್ದೆ. ಅಮೆರಿಕದಲ್ಲಿ ಕಿಜ್ಮೇಕಿಯಾ ಕಾರ್ಬೆಟ್ ಅಂತ ಕಪ್ಪು ಸಮುದಾಯದ ವಿಜ್ಞಾನಿ ಇದ್ದಾರೆ. ಬಡ ಮನೆಯ ಮಕ್ಕಳನ್ನು ಬೇಸಿಗೆಯಲ್ಲಿ ಲ್ಯಾಬಿಗೆ ಕಳಿಸುವ ಪ್ರಾಜೆಕ್ಟ್ ಸೀಡ್ ಅನ್ನುವ ಕಾರ್ಯಕ್ರಮದಿಂದ ಹೈಸ್ಕೂಲಿನಲ್ಲೇ ಲ್ಯಾಬಿಗೆ ಕಾಲಿಟ್ಟವರು. 2020ರಲ್ಲಿ ಮಾಡೆರ್ನಾದ ಕೋವಿಡ್ ಲಸಿಕೆ ರೂಪಿಸಿದವರಲ್ಲಿ ಅವರೂ ಒಬ್ಬರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ ಭಾವ. ಅಕಾಡೆಮಿಯವರು ಬೆಂಗಳೂರನ್ನೇ ಕೊಡುತ್ತಾರೆ ಅಂತಿಲ್ಲ. ಪುಣೆಯೋ, ಹೈದರಾಬಾದೋ ಆಗಬಹುದು. ಬೆಂಗಳೂರಾದರೆ ನನ್ನ ಮನೆಯಲ್ಲಿರಲಿ. ದೂರವಾದರೆ ನಾನೇ ಜೊತೆಗೆ ಹೋಗಿ ಹಾಸ್ಟೆಲ್ ನೋಡಿ, ಬಿಟ್ಟು ಬರುತ್ತೇನೆ. ಆಗಲೂ ಕಳಿಸುತ್ತೀರಾ? ಅಕ್ಕನ ಹತ್ತಿರ ಕೂತು ಮಾತಾಡಿ, ಭಾನುವಾರದೊಳಗೆ ಹೇಳಿ. ಅರ್ಜಿ ಅವತ್ತೇ ತುಂಬೋಣ.