ಉಗುರಿನ ಮೇಲಿನ ಸ್ಟಾರ್ಟಪ್ಪು

“ಸರ್ಕಾರದ ಕೈಲಿ ಇನ್ನೊವೇಷನ್ನಾ? ಬಿಡಿ ರಾಯರೇ, ಅದೇನಿದ್ರೂ ಸ್ಟಾರ್ಟಪ್ಪಿನವರ ಕೆಲಸ.” ಸೀನನ ಬಾಯಲ್ಲಿ ಈ ಮಾತು ಈ ವಾರಕ್ಕೆ ಹನ್ನೊಂದನೇ ಸಲ.

“ಎಲ್ಲಿ, ಎಡಗೈ ತೋರಿಸು.”

“ಯಾಕೆ, ಭವಿಷ್ಯ ಹೇಳ್ತೀರಾ?”

“ಭೂತ ಹೇಳ್ತೀನಿ. ಉಗುರಿನ ಮೇಲಿರೋ ಕಪ್ಪು ಗೆರೆ ಯಾರದ್ದು? ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ದು. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಶುರುವಾಗಿದ್ದು, ಈಗ ರಾಜ್ಯ ಸರ್ಕಾರದ ಕಂಪನಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರ. 1962ರಿಂದ ಲೋಕಸಭೆ, ವಿಧಾನಸಭೆ ಚುನಾವಣೆಗೆಲ್ಲ ಇದೇ.”

“ಬರೀ ಶಾಯಿ ತಾನೆ!”

“ಬರೀ ಶಾಯಿ ಆಗಿದ್ರೆ ನಿಂಬೆಹಣ್ಣಿಗೆ ಹೋಗ್ತಿತ್ತು. ಅದರಲ್ಲಿರೋದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ ಕೂತ್ಕೊಳ್ಳುತ್ತೆ, ಬೆಳಕು ಬಿದ್ದಷ್ಟೂ ಕಪ್ಪಾಗುತ್ತೆ. ಉಗುರು ಬೆಳೆದು ಕತ್ತರಿಸಿದ ಮೇಲೇ ಮುಕ್ತಿ. 10 ಎಂ.ಎಲ್. ಸೀಸೆಯಲ್ಲಿ ಸುಮಾರು 700 ಜನರಿಗೆ ಹಚ್ಚಬಹುದು.”

“ಹಚ್ಚೋಕೂ ಶಾಸ್ತ್ರ ಇದೆ,” ಎಂದರು ಮತಗಟ್ಟೆ ಡ್ಯೂಟಿ ಮಾಡಿ ಬಂದ ಪದ್ಮಾ ಮೇಡಂ. “ಸೀಸೆ ಉರುಳದ ಹಾಗೆ ಡಬ್ಬಿಗೆ ಮರಳು ಹಾಕಿ ಮುಕ್ಕಾಲು ಹೂತಿಡಬೇಕು. ಬೆರಳಿಗೆ ಎಣ್ಣೆ ಮೆತ್ತಿಕೊಂಡು ಬರ್ತಾರೆ ಜಾಣರು, ಮೊದಲು ಬಟ್ಟೇಲಿ ಒರೆಸಬೇಕು, ಇಲ್ಲಾಂದ್ರೆ ಹಿಡಿಯಲ್ಲ. ಆಮೇಲೆ ಉಗುರಿನ ತುದಿಯಿಂದ ಮೊದಲ ಗೆಣ್ಣಿನ ತನಕ ಒಂದು ಗೆರೆ. ರಿಜಿಸ್ಟರಿಗೆ ಸಹಿ ಆಮೇಲೆ. ಮತ ಹಾಕಿ ಹೊರಗೆ ಹೋಗೋಷ್ಟರಲ್ಲಿ ಒಣಗಿರಬೇಕಲ್ಲ! ಮರುಮತದಾನ ಆದ್ರೆ ಎಡಗೈ ನಡುಬೆರಳು.”

“ಇದನ್ನೇ ನಿಮ್ಮ ಸ್ಟಾರ್ಟಪ್ಪಿನವರು ಮಾಡಿದ್ದಿದ್ರೆ,” ರಾಯರಿಗೆ ಹುರುಪು ಬಂತು, “ಫ್ರೀ ಪ್ಲಾನಿಗೆ ಕಿರುಬೆರಳು, ಪ್ರೀಮಿಯಂಗೆ ತೋರುಬೆರಳು. ಮೂರನೇ ದಿನ ಮಾಸಿ ‘ರಿನ್ಯೂ ಮಾಡಿ’ ಅಂತ ಮೆಸೇಜು. ಓಟಿಪಿ ಬರಲಿಲ್ಲ ಅಂತ ಅರ್ಧ ಊರು ಬೆರಳೆತ್ತಿಕೊಂಡು ಬೂತಿನ ಹೊರಗೆ!”

ಸೀನ ನಗಲಿಲ್ಲ. “ಸರಿ. ನ್ಯಾಯಬೆಲೆ ಅಂಗಡಿ ಮೆಷೀನು ಯಾರದ್ದು? ಅದೂ ಸರ್ಕಾರದ್ದೇ. ಪಾತ್ರೆ ತಿಕ್ಕಿ ಗೆರೆ ಸವೆದವರ ಬೆರಳನ್ನ ‘ನೀನು ನೀನಲ್ಲ’ ಅಂತ ವಾಪಸ್ ಕಳಿಸುತ್ತಲ್ಲ?”

ರಾಯರು ಕಾಫಿ ಲೋಟ ಕೆಳಗಿಟ್ಟರು. ಉತ್ತರ ಹೊಳೆಯಲಿಲ್ಲ.

“ಶಾಯಿ ಗೆರೆ ಕೇಳಲ್ಲ, ಎಳೆಯುತ್ತೆ,” ಎಂದರು ಮೇಡಂ. “ತೋರುಬೆರಳು ಇಲ್ವಾ, ಎಡಗೈಯ ಇನ್ನೊಂದು ಬೆರಳು. ಎಡಗೈಲಿ ಬೆರಳೇ ಇಲ್ವಾ, ಬಲಗೈ. ಅಲ್ಲೂ ಇಲ್ವಾ, ಉಳಿದಿರೋ ತೋಳಿನ ತುದಿಗೆ ಹಚ್ಚಿ ಅಂತ ನಿಯಮದಲ್ಲೇ ಬರೆದಿದ್ದಾರೆ.”

“ತೋಳಿನ ತುದಿಗಾ?”

“ಹ್ಞೂಂ.”

ಸೀನ ತನ್ನ ಉಗುರು ನೋಡಿಕೊಂಡ. ಬುಡದಲ್ಲಿ ಹೊಸದು ಬೆಳ್ಳಗೆ ಬಂದು, ಗೆರೆ ಅರ್ಧ ಮೇಲಕ್ಕೆ ಸರಿದಿತ್ತು.