ಅಪ್‌ಡೇಟ್: ನಾಚಿಕೆ ಬಗ್ಗೆ ಪುಸ್ತಕ ಬರೆಯುವವನಿಗೇ ಮಾತು ಬರ್ತಿಲ್ಲ ಅಂದಿದ್ನಲ್ಲ, ಮುಂದೇನಾಯ್ತು

ನಾಚಿಕೆ ಬಿಟ್ಟು ಮಾತಾಡೋದು ಹೇಗೆ ಅಂತ ಮೊದಲ ಪುಸ್ತಕ ಬರೆಯುತ್ತಿದ್ದೇನೆ, ಆದರೆ ದಾವಣಗೆರೆಯಲ್ಲಿ ಓದುಗರ ಮುಂದೆ ನಾಲ್ಕು ಮಾತಾಡಿ ಅಂದರೆ ಗಂಟಲು ಒಣಗುತ್ತದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ಭಾನುವಾರ ಆ ಕಾರ್ಯಕ್ರಮ ಮುಗಿಯಿತು. ಬದುಕಿದ್ದೇನೆ.

ಕನ್ನಡಿ ಮುಂದಿನ ಅಭ್ಯಾಸ ನನಗೆ ಆಗಲಿಲ್ಲ. ನನ್ನ ಮುಖ ನಾನೇ ನೋಡಿಕೊಂಡು ಮುಜುಗರ ಜಾಸ್ತಿಯಾಯಿತು. ಬಾಯಿಪಾಠವೂ ಅಷ್ಟೇ, ಒಂದು ಸಾಲು ಮರೆತರೆ ಉಳಿದದ್ದೆಲ್ಲ ಮಾಯ.

ಕೈ ಹಿಡಿದದ್ದು, "ದಿನಕ್ಕೊಬ್ಬ ಅಪರಿಚಿತರನ್ನು ಏನಾದರೂ ಕೇಳಿ, ಅವರ ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಡುಕಿ" ಅಂದವರ ಸಲಹೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ನಿಂತವರನ್ನು, "ಅಣ್ಣಾ, ಹಿಟ್ಟಿಗೆ ಮಂಡಕ್ಕಿ ಹಾಕ್ತೀರಾ?" ಅಂದೆ. "ಹಾಕ್ದಿದ್ರೆ ಇಷ್ಟು ಮೆತ್ತಗೆ ಹೆಂಗ್ ಬರುತ್ತಪ್ಪಾ?" ಅಂತ ಶುರು ಮಾಡಿದವರು, ಬೆಣ್ಣೆ ಹಾಕುತ್ತಾ ಹತ್ತು ನಿಮಿಷ ಮಾತಾಡಿದರು. ನಾನು ಆಡಿದ್ದು ಮೂರೇ ಮಾತು. ದೋಸೆ ಆರಿಹೋಯಿತು, ಅದು ಬೇರೆ ವಿಷಯ.

ಇನ್ನೊಬ್ಬರು ಹೇಳಿದ ಪ್ರಯೋಗವೊಂದನ್ನು ಹುಡುಕಿ ಓದಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಗಿಲೋವಿಚ್ ತಂಡದ್ದು, 2000ರಲ್ಲಿ ಪ್ರಕಟವಾದದ್ದು. ಮುಜುಗರ ತರುವ ಟೀ ಶರ್ಟ್ ಹಾಕಿಕೊಂಡ ವಿದ್ಯಾರ್ಥಿಗಳು, ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಅದನ್ನು ಗಮನಿಸಿರುತ್ತಾರೆ ಅಂದುಕೊಂಡಿದ್ದರಂತೆ. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು ಜನ. ನಾನು ಸುಮ್ನೆ ನಂಬಿರಲಿಲ್ಲ. ಭಾನುವಾರ ಕೈ ನಡುಗಿ ಹಾಳೆ ಪಟಪಟ ಅನ್ನುತ್ತಿತ್ತು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಗೆಳೆಯನನ್ನು ಕೇಳಿದರೆ, "ಫ್ಯಾನ್ ಗಾಳಿಗೆ ಅನ್ಕೊಂಡೆ ಕಣೋ" ಅಂದ!

ದೋಸೆ ಪ್ರಸಂಗ ಪುಸ್ತಕಕ್ಕೆ ಸೇರಿತು. ಕನ್ನಡಿ ಅಧ್ಯಾಯ ಕಿತ್ತು ಹಾಕಿದ್ದೇನೆ.